ನನ್ನ ಷಡ್ಡಕನ ಶಕ್ತಿಪುಡಿ

ದೇವರು ನನ್ನ ಮೇಲೆ ಮುನಿದ ದಿನವೇ ನನಗೊಬ್ಬ ಷಡ್ಡಕನನ್ನು ದಯಪಾಲಿಸಿದ ಎಂದರೆ ನೀವು ನಗಬಾರದು! ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ. ಹೆಂಡತಿಯನ್ನು ನಾವು ನೋಡಿ ಒಪ್ಪುತ್ತೇವೆ. ಷಡ್ಡಕನನ್ನು ಮಾತ್ರ ಮಾವನ ಮನೆಯವರೇ ಆರಿಸಿ ತಂದು ಪಂಕ್ತಿಯಲ್ಲಿ ನಮ್ಮ ಪಕ್ಕ ಕೂರಿಸುತ್ತಾರೆ. ಆಮೇಲೆ ಜೀವಮಾನವಿಡೀ ಹೋಲಿಕೆ. ಹೋಳಿಗೆಯ ಮೇಲೆ ತುಪ್ಪ ಯಾರ ಎಲೆಗೆ ಹೆಚ್ಚು ಬಿತ್ತು? ನಾನು ಯಾದಗಿರಿಯ ಸರ್ಕಾರಿ ಗುಮಾಸ್ತ, ಹಿರಿಯ ಅಳಿಯ. ಅವನು ಹುಣಸಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು ಮಾವನ ಮನೆಯಲ್ಲೇ ಇರುವ ಮನೆ ಅಳಿಯ. ತುಪ್ಪವೆಲ್ಲ ಅವನ ಕಡೆಗೇ! ಕಾಲುವೆಯ ಬುಡದಲ್ಲಿದ್ದವನ ಹೊಲಕ್ಕೆ ನೀರು, ತುದಿಯಲ್ಲಿದ್ದವನಿಗೆ ನೀರು ಬಿಟ್ಟ ಸುದ್ದಿ.

ಅವನ ತಿಕ್ಕಲು ಒಂದೆರಡಲ್ಲ. ಅಂಗಡಿಗೆ ಬಂದ ರೈತರನ್ನು ಮೊದಲು ತಕ್ಕಡಿಯ ಮೇಲೆ ನಿಲ್ಲಿಸಿ, ತೂಗಿ, "ಹೋದ ಸುಗ್ಗಿಗಿಂತ ಇಳದೀರಿ ಗೌಡ್ರ" ಎಂದು ಹೇಳಿದ ಮೇಲೆಯೇ ಯೂರಿಯಾ ಕೊಡುತ್ತಾನೆ. ನಾನೇನಾದರೂ ಹಾಗೆ ಮಾಡಿದ್ದರೆ ಅತ್ತೆ ನನ್ನನ್ನು ದರ್ಗಾಕ್ಕೆ ಒಯ್ದು ತಾಯಿತ ಕಟ್ಟಿಸುತ್ತಿದ್ದರು. ಅವನು ಮಾಡಿದರೆ, "ನಮ್ಮ ಸಣ್ಣ ಅಳಿಯಾಗ ಮಂದಿ ಮ್ಯಾಲೆ ಎಷ್ಟ ಕಾಳಜಿ ಅದ!"

ಪೈಪೋಟಿ ಕಾವೇರಿದ್ದು ಮಾವನಿಂದ. ಮಾವ ಹರೆಯದಲ್ಲಿ ಊರ ಗುಂಡುಕಲ್ಲು ಎತ್ತಿದ ಪೈಲ್ವಾನರು. ಹೋದ ವರ್ಷ ಲಕ್ವ ಹೊಡೆದು ಕಾಲು ಬಿದ್ದವು. ಕಾಲುವೆಗೆ ನೀರು ಬಿಟ್ಟ ದಿನ ಬದುವಿನ ಮೇಲಿಂದ ತಮ್ಮ ಗದ್ದೆಗೆ ಮೊದಲ ನೀರು ನುಗ್ಗುವುದನ್ನು ನೋಡದಿದ್ದರೆ ಅವರಿಗೆ ಊಟ ಸೇರದು. ಗಾಲಿಕುರ್ಚಿ ತಂದೆವು, ಎರೆಮಣ್ಣಿನಲ್ಲಿ ಹೂತುಹೋಯಿತು. ಇಬ್ಬರೂ ಅಳಿಯಂದಿರು ಕೂಡಿ ಎತ್ತಲು ಹೋದೆವು. ಮಾವ ಕೆಂಡವಾದರು.

"ತೆಲಿ ಕಡಿ ಒಬ್ಬರು, ಕಾಲ್ ಕಡಿ ಒಬ್ಬರು ಹಿಡ್ದು ಎತ್ತಾಕ ನಾ ಏನ್ ಹೆಣ ಆಗೇನೇನ್ರಿ? ಎತ್ತೂದಿದ್ರ ಒಬ್ಬರ ಎತ್ರಿ. ಇಲ್ಲಾಂದ್ರ ಇಲ್ಲೇ ಬಿಡ್ರಿ!"

ಹಿರಿಯ ಅಳಿಯನ ಹಕ್ಕು ಬಿಡುವುದುಂಟೇ? ನಾನೇ ಮುಂದಾಗಿ ಎತ್ತಿದೆ. ಅಂದರೆ, ಎತ್ತಲು ಬಗ್ಗಿದೆ. ಸೊಂಟ ಹಿಡಿಯಿತು. ಮಾವನ ಪಕ್ಕ ಇನ್ನೊಂದು ಮಂಚ ಹಾಕಿ ನನ್ನನ್ನೂ ಮಲಗಿಸಿದರು! ಷಡ್ಡಕನೂ ಹೊಸ್ತಿಲತನಕ ಒಯ್ದು ಏದುಸಿರು ಬಿಡುತ್ತ ಮರಳಿದ. ಆ ವರ್ಷ ಮಾವ ನೀರು ನೋಡಲಿಲ್ಲ, ಎರಡು ದಿನ ನಮ್ಮೊಂದಿಗೆ ಮಾತೂ ಆಡಲಿಲ್ಲ.

ನಾನು ಎಣ್ಣೆ ತಿಕ್ಕಿಸಿಕೊಂಡು ಯಾದಗಿರಿಗೆ ಬಂದೆ. ಅವನು ನೇರ ಜಿಮ್ಮಿಗೆ ಹೋದ! ಅಷ್ಟೇ ಅಲ್ಲ, ವ್ಯಾಯಾಮಕ್ಕೆ ಮುಂಚೆ ಕುಡಿಯುವ ಅದೆಂಥದೋ ಪ್ರೀ-ವರ್ಕೌಟ್ ಪುಡಿ ತರಿಸಿದ. ಕೆಂಪು ಬಣ್ಣ, ಕಲ್ಲಂಗಡಿ ವಾಸನೆ, ಡಬ್ಬಿಯ ಮೇಲೆ ಗೂಳಿಯ ಚಿತ್ರ. ಅದನ್ನು ಕುಡಿದು, ತೊಡೆ ತಟ್ಟಿ, ಓಣಿಗೆಲ್ಲ ಕೇಳುವಂತೆ ಹೂಂಕರಿಸಿ ಮಾವನನ್ನು ಎತ್ತಿ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂರಿಸುತ್ತಾನೆಂಬ ವರದಿ ನನ್ನ ಹೆಂಡತಿಗೆ ಫೋನಿನಲ್ಲಿ ಬರತೊಡಗಿತು. ಅವಳು ಅದಕ್ಕೆ ತನ್ನ ಒಗ್ಗರಣೆ ಸೇರಿಸುತ್ತಿದ್ದಳು: "ಅಂವ ನಮ್ಮಪ್ಪನ್ನ ಎತ್ತತಾನ. ನೀವು ಗ್ಯಾಸ್ ಸಿಲಿಂಡರ್ ಸರಸಾಕ ಬಾಜೂ ಮನಿಯವ್ರನ್ನ ಕರೀತೀರಿ." ಹೊಟ್ಟೆ ಉರಿಯಿತು. ಉರಿಯದೇ ಇರಲು ಅದೇನು ಹತ್ತಿಕುಣಿ ಕೆರೆಯೇ?

ಆ ಪುಡಿಯ ಪ್ರತಾಪ ನಾನು ಕಣ್ಣಾರೆ ಕಂಡದ್ದು ಅವನ ಕೂಸಿನ ತೊಟ್ಟಿಲ ಕಾರ್ಯದಲ್ಲಿ. ರೊಟ್ಟಿ ಬಡಿಯಲು ಓಣಿಯ ಹೆಣ್ಣುಮಕ್ಕಳು ಬಂದಿದ್ದರು. ಬಿಸಿಲಿಗೆ ಪಾಪ ಬಾಯಾರಿದ್ದಾರೆಂದು ಅತ್ತೆ ಶರಬತ್ತಿನ ಪುಡಿ ಎಂದುಕೊಂಡು ಅದನ್ನೇ ಕೊಡದಲ್ಲಿ ಕಲಸಿ ಎಲ್ಲರಿಗೂ ಕೊಟ್ಟರು. ಮೊದಲು ಹರಟೆ ನಿಂತಿತು. ಆಮೇಲೆ ದಪದಪ ಸದ್ದು! ತಲೆ ಎತ್ತದೆ, ಬೆವರು ಒರೆಸದೆ ಬಡಿದದ್ದೇ ಬಡಿದದ್ದು. ಹಿಟ್ಟು ಮುಗಿದಾಗ ಒಬ್ಬಾಕೆ, "ಜ್ವಾಳ ಕೊಡ್ರಿ, ಬೀಸಕೊಂಡು ಬರ್ತೀನಿ" ಎಂದು ಎದ್ದು ನಿಂತಳು! ಆ ಕಟಕ ರೊಟ್ಟಿಯ ಗಂಟು ನಮ್ಮ ಜೊತೆ ಸುರಪುರ, ಶಹಾಪುರ ದಾಟಿ ಯಾದಗಿರಿಗೂ ಬಂತು. ತಿಂಗಳಿಡೀ ಅದನ್ನೇ ಕಡಿದೆ.

ಗಂಟಿನ ಜೊತೆ ಇನ್ನೊಂದೂ ಬಂದಿತ್ತು. ಡಬ್ಬಿಯಿಂದ ಎರಡು ಚಮಚ ಪುಡಿಯನ್ನು ಕಾಗದದಲ್ಲಿ ಕಟ್ಟಿ ಕಿಸೆಗೆ ಸೇರಿಸಿದ್ದೆ. ಕದ್ದೆ ಎನ್ನಬೇಡಿ, ಅಳಿಯತನದ ಪಾಲು! ಒಂದು ಭಾನುವಾರ ಬೆಳಿಗ್ಗೆ ಅರ್ಧ ಕುಡಿದೆ. ಗಳಿಗೆಯೊಳಗೆ ಕಿವಿ ಬಿಸಿಯಾಯಿತು, ಮೈಯೆಲ್ಲ ಜುಮುಜುಮು, ಇರುವೆ ಹರಿದಂತೆ. ಪರಪರ ಕೆರೆದುಕೊಳ್ಳುವುದನ್ನು ಹೆಂಡತಿ ನೋಡಿದಳು.

"ಪಿತ್ತಗಂಧಿ ಎದ್ದಾವ! ಕಂಬಳಿ ತರ್ತೀನಿ, ತಡೀರಿ."

ನಮ್ಮ ಕಡೆ ಪಿತ್ತಗಂಧೆಗೆ ಕಂಬಳಿಯೇ ಮದ್ದು. ಯಾದಗಿರಿಯ ಮೇ ತಿಂಗಳಲ್ಲಿ ಕುರಿ ಉಣ್ಣೆಯ ಕಂಬಳಿಯಿಂದ ನನ್ನನ್ನು ತಿಕ್ಕಿ, ಅದರಲ್ಲೇ ಸುತ್ತಿ ಮೂಲೆಗೆ ಕೂರಿಸಿದಳು. ನಿಜ ಹೇಳುವಂತಿಲ್ಲ, ಬಿಡಿಸಿಕೊಳ್ಳುವಂತಿಲ್ಲ. ಪುಡಿ ಕೊಟ್ಟ ಶಕ್ತಿಯೆಲ್ಲ ಬೆವರಾಗಿ ಹರಿಯಿತು. ಏಕಾಗ್ರತೆ ಮಾತ್ರ ಉಳಿದಿತ್ತು. ಅದೂ ಒಂದೇ ವಿಷಯದ ಮೇಲೆ: ಈ ಸಲ ಮಾವನನ್ನು ಎತ್ತುವವನು ನಾನೇ!

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದದ್ದೇ ರಜೆ ಹಾಕಿ ಬಸ್ಸು ಹತ್ತಿದೆ. ಮಾವನ ಮನೆಯ ಬಚ್ಚಲಲ್ಲಿ ಉಳಿದರ್ಧ ಪುಡಿಯನ್ನು ಕುಡಿದು, ತೋಳು ಮಡಚಿ ಮಂಚದ ಮುಂದೆ ನಿಂತೆ.

"ಇವತ್ತ ನಾ ಎತ್ತತೀನ್ರಿ ಮಾವಾರ."

ಷಡ್ಡಕನ ಮುಖ ಬಿಳಿಚಿತು. "ಬ್ಯಾಡ್ರಿ ಅಣ್ಣಾರ, ನಿಮಗ ಆಗಂಗಿಲ್ಲ. ನಾನs ಒಯ್ತೀನಿ" ಎಂದು ಅಡ್ಡ ಬಂದ. ಹೊಟ್ಟೆಕಿಚ್ಚು ನೋಡಿ! ಅವನನ್ನು ಸರಿಸಿ, ಉಸಿರು ಬಿಗಿಹಿಡಿದು, ಬಗ್ಗಿ ಎತ್ತಿದೆ.

ಮಾವ ಎದ್ದುಬಂದರು. ಸುಮ್ಮನೆ ಎದ್ದುಬಂದರು. ನಾನು ಹಾಕಿದ ಬಲಕ್ಕೆ ನಾನೇ ಹಿಂದಕ್ಕೆ ವಾಲಿದೆ. ದುಪ್ಪಟಿಯೊಳಗೆ ಆ ಮೈ ಎಲ್ಲಿ ಹೋಗಿತ್ತು? ತೋಳಿಗೆ ತಾಗಿದ್ದು ಬರೀ ಎಲುಬು. ನನ್ನ ಮಗಳನ್ನು ಎತ್ತಿದಷ್ಟೂ ಭಾರವಿರಲಿಲ್ಲ. ಇದನ್ನು ಎತ್ತಲು ಜಿಮ್ಮು ಬೇಕೇ, ಪುಡಿ ಬೇಕೇ?

"ಸಾವಕಾಶ್ರಿ ಅಣ್ಣಾರ!" ಷಡ್ಡಕ ಜೋರಾಗಿ ಕೂಗಿದ. "ಬಾಳ ಭಾರ ಅದಾರ! ಪುಡಿ ಕುಡೀದs ನನಗೂ ಆಗಂಗಿಲ್ಲ!" ಬಾಯಿ ಹಾಗೆ ಕೂಗುತ್ತಿದ್ದರೆ ಅವನ ಕಣ್ಣು ನನ್ನ ಮುಂದೆ ಕೈಮುಗಿಯುತ್ತಿತ್ತು.

ಆಗ ತಿಳಿಯಿತು. ಮಾವ ಕರಗಿದಷ್ಟೂ ಇವನ ಹೂಂಕಾರ ದೊಡ್ಡದಾಗಿತ್ತು.

"ಭಾರ ಅದೀನೇನ್ರಿ, ದೊಡ್ಡ ಅಳ್ಯಾರ?" ಮಾವ ನನ್ನ ಎದೆಗೊರಗಿ ಕೇಳಿದರು.

"ಯಪ್ಪಾ! ಸೊಂಟ ಮುರೀತ್ರಿ ಮಾವಾರ!" ಎಂದು ಓಣಿಗೆಲ್ಲ ಕೇಳುವಂತೆ ನರಳಿದೆ.

"ಗುಂಡಗಲ್ಲ ಎತ್ತಿದ ಮೈ ಅದ. ಚ್ಯಾಷ್ಟಿ ಅಲ್ಲ!" ಎಂದು ಮಾವ ನಕ್ಕರು.

ದಾರಿಯುದ್ದಕ್ಕೂ ನಿಂತು ನಿಂತು, ಏದುಸಿರು ಬಿಡುತ್ತ ಹೋದೆ. ಬದುವಿನ ಮೇಲೆ ನಿಂತಾಗ ಕೆಂಪು ನೀರು ಗದ್ದೆಗೆ ನುಗ್ಗಿತು. ಮಾವ ಕಣ್ತುಂಬ ನೋಡಿದರು. ನೋಡಿ ಮುಗಿದ ಮೇಲೆ ಷಡ್ಡಕ ಹತ್ತಿರ ಬಂದು, "ನಿಮಗ ಸಾಕಾಗೇದ. ಇನ್ನ ನಂಗ ಕೊಡ್ರಿ" ಎಂದು ಎರಡೂ ಕೈ ಚಾಚಿದ.

ನಾನು ಕೊಡಲಿಲ್ಲ.