ಅಜ್ಜಿಯ ಸಹಿ, ಪ್ರಪಂಚದ ಜವಾಬ್ದಾರಿ

ಶಿರಾದ ಕಾಲೇಜಿಗೆ ಸೇರಿ ಮೂರು ವರ್ಷವಾಯಿತು. ಓದು, ಸಂಸ್ಕೃತಿ, ಜವಾಬ್ದಾರಿ ಅಂತ ಯಾರಾದರೂ ದೊಡ್ಡ ಮಾತು ಎತ್ತಿದ ದಿನವೇ ಇಂಥದ್ದೊಂದು ನಡೆದುಹೋಗುತ್ತದೆ. ಹೇಳಿದರೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಯಾಕೋ ಊಟ ಸೇರುವುದಿಲ್ಲ.

ಅಸಲಿ ಕಂಬಳಿ

ಸಂಸ್ಕೃತಿ ದಿನಕ್ಕೆ ಎಲ್ಲರೂ ತಮ್ಮ ಮನೆತನದ ಉಡುಪಿನಲ್ಲಿ ಬರಬೇಕೆಂದರು. ನಮ್ಮದು ಹುಲಿಕುಂಟೆ ಕಡೆಯ ಕುರಿ ಸಾಕುವ ಮನೆ. ತೀರಿಕೊಂಡ ತಾತನ ಕಂಬಳಿ ಹೊದ್ದು, ಅವನ ಕೋಲು ಹಿಡಿದು ವೇದಿಕೆ ಹತ್ತಿದೆ. ಮೊದಲ ಬಹುಮಾನ ಮಾತ್ರ ನಾಟಕದ ಅಂಗಡಿಯಿಂದ ಬಾಡಿಗೆ ಕಂಬಳಿ ತಂದಿದ್ದ ಪೇಟೆ ಹುಡುಗಿಗೆ ಹೋಯಿತು. ತೀರ್ಪುಗಾರರು ನನ್ನನ್ನು ಪಕ್ಕಕ್ಕೆ ಕರೆದು, ಮೂಗಿಗೆ ಕರ್ಚೀಪು ಹಿಡಿದೇ ಸಮಾಧಾನ ಹೇಳಿದರು:

“ಬೇಜಾರು ಮಾಡ್ಕೋಬೇಡಮ್ಮ. ಕುರಿ ಕಾಯೋರು ಹೆಂಗಿರ್ತಾರೆ ಅಂತ ಮುಂದಿನ ಸಲ ಸ್ವಲ್ಪ ನೋಡ್ಕೊಂಡು ಬಾ.”

ಬಿಡುವ ಪಾಠ

ದೂರದಿಂದ ಬಂದ ಅತಿಥಿಯೊಬ್ಬರು ಜಾಗತಿಕ ಜವಾಬ್ದಾರಿಯ ಬಗ್ಗೆ ಮಾತಾಡಿದರು. “ಭೂಮಿ ಬಿಸಿಯಾಗ್ತಿದೆ. ಕಾರು ಬಿಡಿ, ಏಸಿ ಬಿಡಿ, ವಿಮಾನ ಕಡಿಮೆ ಮಾಡಿ. ನೀವೇನು ಬಿಡ್ತೀರಿ, ಹೇಳಿ?”

ಮಾತಿಗೆ ತೆಲುಗು ಬೆರೆಸುವ, ಪಾವಗಡ ಕಡೆಯ ನನ್ನ ಗೆಳತಿ ಎದ್ದಳು. ಅವಳ ಊರಿಗೆ ದಿನಕ್ಕೆ ಒಂದೇ ಬಸ್ಸು. “ಮಾಕೇಮುಂದಿ ಸಾರ್, ನಮ್ಮತ್ರ ಬಿಡೋಕೆ ಏನೈತೆ? ಒಂದ್ಸಲ ಎಲ್ಲಾ ಕೊಡ್ಸಿ, ಮಾರನೇ ದಿನವೇ ಬಿಟ್ಬುಡ್ತೀವಿ.”

ಸಭೆ ಗೊಳ್ಳೆಂದಿತು. ಅವಳೊಬ್ಬಳು ನಗಲಿಲ್ಲ, ನಿಜವಾಗಿಯೇ ಕೇಳಿದ್ದಳು.

ಪೋಷಕರ ಸಹಿ

ಹಾಸ್ಟೆಲ್ ಅರ್ಜಿಗೆ ಪೋಷಕರ ಸಹಿ ಬೇಕಿತ್ತು. ಅಪ್ಪ ಅವ್ವ ಕುರಿಮಂದೆಯ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಇರುವವಳು ಅಜ್ಜಿ. ಅವಳ ಹೆಬ್ಬೆಟ್ಟು ನೋಡಿ ಗುಮಾಸ್ತರು ಅರ್ಜಿ ವಾಪಸ್ ತಳ್ಳಿದರು. “ಯಾವ ಕಾಲದಲ್ಲಿದ್ದೀರಮ್ಮ? ಸಹಿ ಹಾಕಿಸ್ಕೊಂಡು ಬಾ.”

ಅಜ್ಜಿಗೆ ಹಟ ಬಂತು. ಸ್ಲೇಟು ತರಿಸಿ, ಉಣ್ಣೆ ನೂಲುವುದನ್ನೂ ಬಿಟ್ಟು, ಹದಿನೈದು ದಿನ ತನ್ನ ಹೆಸರು ತಿದ್ದಿದಳು. ಅರ್ಜಿ ಕೊಡುವ ಕೊನೇ ದಿನ ತಾನೇ ನನ್ನ ಜೊತೆ ಆಫೀಸಿಗೆ ಬಂದಳು. ಹಿಂದೆ ಸಾಲು ಬೆಳೆಯುತ್ತಿದ್ದರೂ ಅವಸರ ಮಾಡದೆ ಮೂರಕ್ಷರ ಬರೆದು ತಲೆಯೆತ್ತಿದಳು.

ಗುಮಾಸ್ತರು ಕಾಗದ ನೋಡಲೇ ಇಲ್ಲ. “ಮೊನ್ನೆ ಸೋಮವಾರದಿಂದ ಎಲ್ಲಾ ಆನ್‌ಲೈನ್ ಅಜ್ಜಿ. ಈ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಿ.”

ಒತ್ತಿದಳು. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ನೂತು ನೂತು ಸವೆದ ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಪ್ರತಿ ಸಲವೂ ಕೆಂಪು ದೀಪ.

“ಹೆಬ್ಬೆಟ್ಟು ತಂದಾಗ ಸಹಿ ಅಂದ್ರಿ, ಸಹಿ ತಂದಾಗ ಹೆಬ್ಬೆಟ್ಟು ಅಂತೀರಿ. ಓದಿರೋರೆಲ್ಲ ಕುಂತ್ಕಂಡು ಒಂದು ತೀರ್ಮಾನಕ್ಕೆ ಬನ್ರಪ್ಪ” ಅಂದಳು ಅಜ್ಜಿ. ಸಾಲು ನಕ್ಕಿತು. ಗುಮಾಸ್ತರೂ ನಕ್ಕರು. ಸೀಟು ಮಾತ್ರ ಸಿಗಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದ ಅಜ್ಜಿ ಕಲ್ಲುಬೆಂಚಿನ ಮೇಲೆ ಕೂತು, ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ಸುಮಾರು ಹೊತ್ತು ನೋಡಿದಳು.

“ಬರಿಯೋದ್ರಲ್ಲಿ ಪಾಸಾಗಿ, ಹೆಬ್ಬೆಟ್ಟಲ್ಲಿ ಫೇಲಾಗ್ಬುಟ್ನಲ್ಲ ಕಣಮ್ಮ!”