ಸ್ಕೂಲ್ ಜೀಪಿನ ಸ್ಪೀಕರಿನಲ್ಲಿ ಸೊಳ್ಳೆ

೧. ದಾರಿ

“ಗುತ್ತಿಗಾರಿಗೆ ಇದೇ ದಾರಿಯಾ?” ಎಂದು ಕಾರು ನಿಲ್ಲಿಸಿ ಕೇಳಿದೆ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹಿರಿಯರೊಬ್ಬರು ನಿಂತರು.

“ದಾರಿ ಇದೇ ಅಕ್ಕ. ಗುತ್ತಿಗಾರು ಮಾತ್ರ ನಿಮ್ಮ ಹಿಂದೆ ಉಂಟು.”

ಗಾಡಿಗಳ ಕರೆಂಟಿನ ಕಾಯಿಲೆ ಹುಡುಕಿಕೊಂಡು ತಿರುಗುವ ನನಗೆ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಐದು ದೇಶಗಳಲ್ಲಿ ದಾರಿ ತಪ್ಪಿದ್ದೇನೆ. ಇಷ್ಟು ಮರ್ಯಾದೆಯಿಂದ ವಾಪಸ್ ಕಳಿಸಿದವರು ಇವರೊಬ್ಬರೇ. ಸೀಟಿನ ಮೇಲಿದ್ದ ಪರದೆಯ ಪೆಟ್ಟಿಗೆ ಕಂಡು, “ಅದೆಂತ?” ಎಂದರು.

“ಗಾಡಿಗೆ ಎಲ್ಲಿ ತೊಂದರೆ ಅಂತ ತೋರಿಸುವ ಯಂತ್ರ.”

“ಓ. ಗಾಡಿ ಎಲ್ಲಿಗೆ ಹೋಗುದು ಅಂತ ತೋರಿಸುದಿಲ್ಲವಾ?”

೨. ಹಾರ್ನು

ಜೀಪಿನ ಯಜಮಾನರು ಗೇಟಿನಲ್ಲೇ ಕಾಯುತ್ತಿದ್ದರು. ಹದಿನಾಲ್ಕು ಮಕ್ಕಳನ್ನು ಶಾಲೆಗೆ ಬಿಡುವ ಜೀಪು. ಹಿಂದೆ ಕೂತು ಮಕ್ಕಳನ್ನು ನೋಡಿಕೊಳ್ಳುವವರು ಅವರ ಹೆಂಡತಿ. ಮೂರು ಬ್ಯಾಟರಿ ಬದಲಾಗಿದ್ದವು. ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತಿರುತ್ತಿತ್ತು. ಸೋಮವಾರ ಇನ್ನೊಮ್ಮೆ ದಾರಿಯಲ್ಲಿ ನಿಂತರೆ ಬೇರೆ ಗಾಡಿ ನೋಡುತ್ತೇವೆಂದು ಶಾಲೆಯವರು ಹೇಳಿಬಿಟ್ಟಿದ್ದರು. ಇವರಿಗೆ ಇದ್ದದ್ದು ಅದೊಂದೇ ಬಾಡಿಗೆ.

“ಕರೆಂಟು ಉಳಿಸ್ಲಿಕ್ಕೆ ಎಂತೆಲ್ಲ ಮಾಡಿದೆ ಮೇಡಂ. ಹಾರ್ನೇ ಹೊಡೆಯುದಿಲ್ಲ.”

“ಮತ್ತೆ ಈ ತಿರುವುಗಳಲ್ಲಿ?”

“ಮಕ್ಕಳಿಲ್ಲವಾ? ನಾನು ಕೈ ಎತ್ತಿದರೆ ಹದಿನಾಲ್ಕು ಮಂದಿಯೂ ಒಟ್ಟಿಗೆ ‘ಪೋಂ’ ಅಂತ ಕೂಗುದು. ಮೊನ್ನೆ ಲಾರಿಯವನೇ ಹೆದರಿ ರಿವರ್ಸ್ ಹೋದ.”

೩. ಪಂಥ

“ಡೈನಮೋದ್ದೇ ತೊಂದರೆ,” ಎಂದರು ಹೆಂಡತಿ. ನಾನಿನ್ನೂ ಪೆಟ್ಟಿಗೆ ತೆರೆದಿರಲಿಲ್ಲ. ಎಂಜಿನ್ ತಿರುಗುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿಗೆ ಅವರು ಹೇಳುವುದು ಹಾಗೆ.

“ನಿಮಗೆ ಹೇಗೆ ಗೊತ್ತು?”

“ಹಾಡು ಹಾಕಿದರೆ ಸ್ಪೀಕರಿನಲ್ಲಿ ಸೊಳ್ಳೆ ಕೂಗಿದ ಹಾಗೆ ಕೇಳ್ತದೆ. ಇವರು ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಎಂಜಿನ್ ಒಟ್ಟಿಗೆ ತಿರುಗುವ ಸಾಮಾನಿನದ್ದೇ ಅಲ್ಲವಾ ಅದು?”

“ಇವಳ ಮಾತು ಕೇಳಿ ನಾನು ಸ್ಪೀಕರೂ ಬದಲಿಸಿದೆ,” ಎಂದರು ಗಂಡ.

“ಸ್ಪೀಕರು ಬದಲಿಸಿ ಅಂತ ಯಾರು ಹೇಳಿದ್ದು ಮಾರಾಯ್ರೆ?”

ನನ್ನ ವಿದ್ಯೆಗೆ ಸ್ವಲ್ಪ ಪೆಟ್ಟಾಯಿತು. “ನೀವು ಹೇಳಿದ್ದೇ ಸರಿಯಾದರೆ ಸೋಮವಾರ ನಿಮ್ಮ ಕೆಲಸ ನಾನು ಮಾಡ್ತೇನೆ,” ಎಂದುಬಿಟ್ಟೆ.

ತಂತಿ ಸಿಕ್ಕಿಸಿದೆ. ಆಲ್ಟರ್ನೇಟರ್ ಸರಿಯಿದ್ದರೆ ಪರದೆಯ ಮೇಲೆ ಅಲೆಗಳು ಒಂದೇ ಎತ್ತರದಲ್ಲಿ ಸಾಲಾಗಿ ಬರಬೇಕು. ಇಲ್ಲಿ ನಾಲ್ಕೈದು ಅಲೆಗೊಂದು ಆಳವಾದ ಹಳ್ಳ.

ಗಂಡ ಬಗ್ಗಿ ನೋಡಿದರು. “ಇದು ನಮ್ಮ ರೋಡಲ್ಲವಾ?”

ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಒಂದು ಕೆಟ್ಟಿತ್ತು. ಅದರ ಮೂಲಕವೇ ಬ್ಯಾಟರಿಯ ಕರೆಂಟು ಸೋರುತ್ತಿತ್ತು. ಹೆಂಡತಿ ನಗಲೂ ಇಲ್ಲ. “ಸೋಮವಾರ ಏಳೂವರೆಗೆ ಬನ್ನಿ,” ಎಂದರು, ಅಷ್ಟೇ.

೪. ಸೋಮವಾರ

ಹೊಸ ಡಯೋಡ್ ಹಾಕಿದ ಜೀಪು ಒಂದೇ ಕೀಗೆ ಸ್ಟಾರ್ಟ್ ಆಯಿತು. ಹೆಂಡತಿ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರು. ಹಿಂದೆ ಮಕ್ಕಳ ನಡುವೆ ನಾನು, ಕೈಯಲ್ಲಿ ಅವರು ‘ತೊಟ್ಟೆ’ ಎಂದು ಕೊಟ್ಟ ಪ್ಲಾಸ್ಟಿಕ್ ಚೀಲ. “ಯಾರಾದರೂ ವಾಂತಿ ಬರ್ತದೆ ಅಂದರೆ ಕೂಡಲೇ ಹಿಡೀಬೇಕು.”

ಏಳನೇ ತಿರುವಿನಲ್ಲಿ ತೊಟ್ಟೆ ಬೇಕಾಯಿತು. ಮಕ್ಕಳಿಗಲ್ಲ.

“ಸ್ವಲ್ಪ ನಿಲ್ಲಿಸಿ,” ಎಂದು ಕೂಗಿದೆ.

“ಇವತ್ತೊಂದು ದಿವಸ ನಿಲ್ಲಿಸುದಿಲ್ಲ ಮೇಡಂ! ನಿಂತರೆ ನನ್ನ ಬಾಡಿಗೆ ಹೋಯಿತು!”

ಬೆಲ್ಲಿಗೆ ಐದು ನಿಮಿಷ ಇರುವಾಗಲೇ ಜೀಪು ಶಾಲೆ ಮುಟ್ಟಿತು. ತೊಟ್ಟೆ ಹಿಡಿದು ಇಳಿದ ನನ್ನ ಬೆನ್ನು ಸವರುತ್ತಾ ಎರಡನೇ ಕ್ಲಾಸಿನ ಪುಟ್ಟಿಯೊಬ್ಬಳು ಹೇಳಿದಳು:

“ಹೆದರ್ಬೇಡಿ ಆಂಟಿ. ಒಂದನೇ ಕ್ಲಾಸಿನಲ್ಲಿ ನನಗೂ ಹೀಗೇ ಆಗ್ತಿತ್ತು.”