ಹಸೀನಾಬಿಯ ಮನೆಯ ಬೀಗ

ತಂಗಿ ಗೌರವ್ವ ನನಗೆ ಹೇಳಿದ್ದು ಒಂದೇ ಕೆಲಸ. ಅದನ್ನೂ ನಾನು ಮಾಡಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಾದರೂ ಸುಳ್ಳಿನಲ್ಲಿ ಮ್ಯಾಟ್ರಿಕ್ ದಾಟಿದ್ದೇನೆಂದು ಆಗ ತಿಳಿದಿದ್ದೆ.

ಟಿಕೋಟಾದಲ್ಲಿ ಅವ್ವ ತೀರಿದ ಮೇಲೆ ಗೌರವ್ವನ ಕೈಗೆ ಹಬ್ಬಹಬ್ಬಕ್ಕೆ ಬಳೆ ಇಡಿಸಿದವಳು ನಮ್ಮ ಓಣಿಯ ಬಳೆಗಾರ್ತಿ ಹಸೀನಾಬಿ. ಕೈ ಹಿಚುಕಿ ನೋಡಿಯೇ ಅಳತೆ ಹೇಳುವಳು. ನಮ್ಮಿಬ್ಬರಿಗೂ ಅವಳು ಚಿಗವ್ವ, ಅವ್ವನ ತಂಗಿಯ ಹಾಗೆ. ಯಾರು ಯಾವ ಮಂದಿ ಎಂಬ ಎಣಿಕೆ ಊರಲ್ಲಿ ನನಗೆ ಬರುತ್ತಿರಲಿಲ್ಲ. ಅದನ್ನು ಕಲಿತದ್ದು ವಿಜಾಪುರದ ಜಲನಗರದಲ್ಲಿ ಬಾಡಿಗೆ ಮನೆ ಹಿಡಿದ ದಿನ. ಮನೆಗೆ ಯಾರ್ಯಾರು ಬರುತ್ತಾರೆಂದು ಮಾಲೀಕರು ಕೇಳಿದರು. ನೀರು ಸಾಲದೆಂಬ ಚಿಂತೆಗೆ ಕೇಳಿದರೋ ಏನೋ. ನಾನು ಮಾತ್ರ, ನಮ್ಮ ಮಂದಿಯ ಹೊರತು ಯಾರೂ ಬರುವುದಿಲ್ಲವೆಂದು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟೆ.

ಹಸೀನಾಬಿಯೂ ಮಗನ ಜೊತೆ ವಿಜಾಪುರಕ್ಕೆ ಬಂದಿದ್ದಳು. ದಿನಾ ಸೈಕಲ್ ಮೇಲೆ ಅವಳ ಮನೆ ದಾಟುತ್ತಿದ್ದೆ. ಬಾಗಿಲಿರಬೇಕಾದಲ್ಲಿ ಬರೀ ಗೋಣಿತಟ್ಟಿನ ಪರದೆ. ಅಷ್ಟರಲ್ಲಿ ಬಬಲೇಶ್ವರದಲ್ಲಿ, ಗಂಡನ ಮನೆಯಲ್ಲಿ, ಗೌರವ್ವನ ಕುಬಸ ಗೊತ್ತುಮಾಡಿದರು. ಬಸುರಿಗೆ ಹಸಿರು ಬಳೆ ಇಡಿಸುವ ದಿನ. ಚಿಗವ್ವನನ್ನು ಕರೆದುಕೊಂಡು ಬಾ, ಅವಳ ಕೈಯಿಂದಲೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಿಕಳಿಸಿದಳು. ಕರೆಯಲು ಹೋದರೆ ಗುರುತು ಮತ್ತೆ ಬೆಳೆದು, ನಾಳೆ ಅವಳು ಬುಟ್ಟಿ ಹೊತ್ತು ನಮ್ಮ ಕಟ್ಟೆಯ ಮೇಲೆ ಬಂದು ಕೂತರೆ ಮಾಲೀಕರಿಗೆ ಏನು ಹೇಳಲಿ ಎಂದು ಹೆದರಿದೆ. ಪೇಟೆಯಲ್ಲಿ ಬಳೆ ಕೊಂಡು ಒಬ್ಬನೇ ಬಸ್ಸು ಹತ್ತಿದೆ. ಅವಳ ಮನೆಗೆ ಬೀಗ ಹಾಕಿತ್ತು ಎಂದು ತಂಗಿಗೆ ಹೇಳಿದೆ.

ನನ್ನ ಹೆಂಡತಿಯ ಕೈಯಳತೆ ನೆನೆದು ತಂದ ಬಳೆಗಳು. ಗೌರವ್ವನ ಕೈಯೋ ಬಸುರಿಗೆ ಬಾತಿತ್ತು. ಒಂದರ ಹಿಂದೊಂದು ಮೂರು ಬಳೆ ಚೂರಾದವು. ಹೆಂಗಸರ ಹಾಡು ನಿಂತಿತು, ಅತ್ತೆಯ ಮುಖ ಕಪ್ಪಿಟ್ಟಿತು. ತಂಗಿ ಬರಿಗೈಗಳನ್ನು ಮಡಿಲಲ್ಲಿಟ್ಟುಕೊಂಡು, ಇನ್ನು ಯಾರ ಕೈಯಿಂದಲೂ ಬೇಡ ಎಂದಳು.

ಆಗ ಬುಟ್ಟಿ ಹೊತ್ತು ಹಸೀನಾಬಿ ಬಂದಳು. ಸಂತೆಯಲ್ಲಿ ಬಬಲೇಶ್ವರದವರಿಂದ ದಿನ ತಿಳಿದಿತ್ತಂತೆ. "ಏಳ ತಿಂಗಳಾ ಎಣಿಸಿಗೋತ ಕುಂತೇನಿ, ನನ್ನ ಕರೀಬೇಕೇನ ಬೇ?" ಎನ್ನುತ್ತ ತಂಗಿಯ ಕೈ ಹಿಡಿದು ಹಿಚುಕಿದಳು. ಮೊದಲ ಬಳೆ ಸದ್ದಿಲ್ಲದೆ ಏರಿತು.

"ಅಣ್ಣ ಬಂದಾಗ ನಿನ್ನ ಮನಿಗೆ ಬೀಗ ಹಾಕಿತ್ತಂತಲ್ಲ ಚಿಗವ್ವಾ?" ಎಂದಳು ಗೌರವ್ವ.

ಹಸೀನಾಬಿ ನನ್ನ ಕಡೆ ಒಮ್ಮೆ ನೋಡಿದಳು. ಎರಡನೆಯ ಬಳೆ ಏರಿಸುತ್ತ, "ಹೌದವ್ವಾ, ಹಾಕಿದ್ದೆ" ಎಂದಳು.

ನನಗಿಂತ ಚಂದ ಸುಳ್ಳು ಹೇಳುವವರಿದ್ದಾರೆಂದು ಅಂದು ತಿಳಿಯಿತು; ನನ್ನ ಮ್ಯಾಟ್ರಿಕ್ ಅಲ್ಲಿಗೇ ನಪಾಸಾಯಿತು. ಎಲ್ಲರ ಎದುರಿಗೇ ಬಾಯಿ ಬಿಟ್ಟೆ:

"ನಿನ್ನ ಮನಿಗೆ ಬಾಗಿಲಾನ ಇಲ್ಲ ಚಿಗವ್ವಾ, ಬೀಗ ಎಲ್ಲಿ ಹಾಕತಿ. ನಾನ ಬಂದಿದ್ದಿಲ್ಲ. ಗೌರವ್ವಾ, ತಪ್ಪಾತು. ಚಿಗವ್ವಾ, ನಂದು ತಪ್ಪಾತು."